ಕರೆಂಟ್ ಕೊಟ್ಟ ಮೇಲೆ

ರೇಡಿಯೇಷನ್ ಮುಗಿಸಿಕೊಂಡು ಹಾಸನಕ್ಕೆ ವಾಪಸ್ಸಾದಾಗಿನಿಂದ ಎದುರಾದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟ್ ಕೊಡ್ಸಿದ್ದಾಯ್ತಲ್ಲ ಸಾರ್, ಪೂರ್ತಿ ಹೋಯ್ತಂತಾ?" ಕೇಳುವವರದ್ದೇನೂ ತಪ್ಪಿಲ್ಲ. ನಮ್ಮ ಕಡೆ ಕಾಯಿಲೆ ಅಂದರೆ ಒಂದೋ ಬಂದಿರಬೇಕು, ಇಲ್ಲವೋ ಹೋಗಿರಬೇಕು. ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮಾಡಿಸಿಕೊಂಡವನು ಮಾತ್ರ ಹೌದು ಅನ್ನಲೂ ಆಗದೆ, ಇಲ್ಲ ಅನ್ನಲೂ ಆಗದೆ ಒಂದೆರಡು ವರ್ಷ ತಳ್ಳಬೇಕು. ನಾನಂತೂ "ನಂಬರ್ ಇಳೀತಾ ಇದೆ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ.

ಆ ನಂಬರು ಪಿಎಸ್‌ಎ. ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ, ರಕ್ತದಲ್ಲಿ ಅಳೆಯಬಹುದಾದ ಒಂದು ಪ್ರೋಟೀನು. ಆಪರೇಷನ್ ಮಾಡಿಸಿಕೊಂಡವರ ಲೆಕ್ಕ ಸರಳ. ಗ್ರಂಥಿಯನ್ನೇ ತೆಗೆದ ಮೇಲೆ ಪಿಎಸ್‌ಎ ಎಲ್ಲಿಂದ ಬರಬೇಕು? ಒಂದೆರಡು ತಿಂಗಳಲ್ಲಿ 0.1ಕ್ಕಿಂತ (ಲೆಕ್ಕ ಮಿಲಿಲೀಟರಿಗೆ ನ್ಯಾನೋಗ್ರಾಂ) ಕೆಳಗೆ ಇಳಿದು ಅಲ್ಲೇ ಕೂರುತ್ತದೆ. ಮುಂದೆಂದಾದರೂ 0.2 ಮುಟ್ಟಿ, ಮತ್ತೊಮ್ಮೆ ನೋಡಿದಾಗಲೂ ಇಳಿಯದಿದ್ದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ. ನಮ್ಮದು ಹಾಗಲ್ಲ, ಗ್ರಂಥಿ ಇದ್ದಲ್ಲೇ ಇರುತ್ತದೆ. ವಿಕಿರಣ ಬಿದ್ದ ಕ್ಷಣಕ್ಕೇ ಕೋಶ ಸಾಯುವುದೂ ಇಲ್ಲ. ಅದರ ಡಿಎನ್‌ಎ ಮುರಿದಿರುತ್ತದೆ. ಮುಂದೆ ಯಾವತ್ತೋ ಒಂದು ಎರಡಾಗಲು ಹೊರಟಾಗ ಆ ಪೆಟ್ಟು ಗೊತ್ತಾಗಿ ಸಾಯುತ್ತದೆ. ಪ್ರಾಸ್ಟೇಟಿನ ಕ್ಯಾನ್ಸರ್ ಕೋಶಗಳು ಬೆಳೆಯುವುದರಲ್ಲಿ ಸೋಮಾರಿಗಳು, ಹಾಗಾಗಿ ಸಾಯುವುದರಲ್ಲೂ ಸೋಮಾರಿಗಳೇ. ಪಿಎಸ್‌ಎ ತನ್ನ ತಳ ಮುಟ್ಟಲು ಒಂದೂವರೆ ಎರಡು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ತಳ ಅಂದರೆ ಸೊನ್ನೆಯಲ್ಲ. ಉಳಿದಿರುವ ಆರೋಗ್ಯವಂತ ಕೋಶಗಳೂ ಚೂರುಪಾರು ಪಿಎಸ್‌ಎ ಬಿಡುತ್ತಲೇ ಇರುತ್ತವೆ.

ಇದನ್ನು ಮೊದಲೇ ತಿಳಿಯದೆ ಆಪರೇಷನ್ ಆದ ಗೆಳೆಯನ ರಿಪೋರ್ಟಿನ ಪಕ್ಕ ತನ್ನದನ್ನು ಇಟ್ಟುಕೊಂಡು ಕೂತವನಿಗೆ ನಿದ್ದೆ ಬರುವುದಿಲ್ಲ. ನಮ್ಮ ಇಲಾಖೆಯಲ್ಲೇ ಇದ್ದ ಒಬ್ಬರು ಪ್ರತಿ ಸಲವೂ ತಮ್ಮ ರಿಪೋರ್ಟನ್ನು ವಾಟ್ಸಾಪಿಗೆ ಹಾಕುತ್ತಾರೆ, ಮಗಳ ಪಿಯುಸಿ ಮಾರ್ಕ್ಸ್ ಕಾರ್ಡ್ ಹಾಕಿದಷ್ಟೇ ಹೆಮ್ಮೆಯಿಂದ. ಹಾಕಿಕೊಳ್ಳಲಿ. ಅವರದು ಬೇರೆ ಪರೀಕ್ಷೆ.

ನಂಬರು ಕೆಲವೊಮ್ಮೆ ಸುಮ್ಮಸುಮ್ಮನೆ ಏರುತ್ತದೆ ಎಂಬುದು ಇನ್ನೊಂದು. ಚಿಕಿತ್ಸೆ ಮುಗಿದು ಒಂದರಿಂದ ಮೂರು ವರ್ಷದೊಳಗೆ, ಕಾಯಿಲೆಯ ಕಾರಣವೇ ಇಲ್ಲದೆ, ಪಿಎಸ್‌ಎ ಸ್ವಲ್ಪ ಏರಿ ಕೆಲವು ತಿಂಗಳಲ್ಲಿ ತಾನಾಗಿ ಇಳಿಯುವುದುಂಟು. ಡಾಕ್ಟರುಗಳು ಬೌನ್ಸ್ ಅನ್ನುತ್ತಾರೆ. ವಯಸ್ಸು ಕಡಿಮೆ ಇರುವವರಲ್ಲಿ ಮತ್ತು ಗ್ರಂಥಿಯೊಳಗೇ ವಿಕಿರಣದ ಕಾಳು ಇಡಿಸಿಕೊಂಡವರಲ್ಲಿ ಇದು ಹೆಚ್ಚು. ಹಾಗಾದರೆ ಸುಳ್ಳು ಏರಿಕೆ ಯಾವುದು, ನಿಜವಾದದ್ದು ಯಾವುದು? 1996ರಲ್ಲಿ ಅಮೆರಿಕದ ತಜ್ಞರು ಮಾಡಿದ್ದ ನಿಯಮದ ಪ್ರಕಾರ ಮೂರು ಸಲ ಒಂದೇ ಸಮನೆ ಏರಿದರೆ ಕಾಯಿಲೆ ಮರಳಿದೆ ಎಂದು ಅರ್ಥ. ಬೌನ್ಸ್ ಆದವರೂ ಈ ಬಲೆಗೆ ಬೀಳುತ್ತಿದ್ದರು. 2005ರಲ್ಲಿ ಫೀನಿಕ್ಸ್ ನಗರದಲ್ಲಿ ಮತ್ತೆ ಸಭೆ ಸೇರಿ ಅದನ್ನು ಬದಲಾಯಿಸಿದರು: ನಿಮ್ಮ ಪಿಎಸ್‌ಎ ಅತಿ ಕೆಳಗೆ ಎಷ್ಟಕ್ಕೆ ಇಳಿದಿತ್ತೋ ಅದಕ್ಕೆ 2 ಸೇರಿಸಿ, ಅದನ್ನು ಮುಟ್ಟಿದರೆ ಆಗ ಯೋಚಿಸೋಣ. ತಳ 0.4 ಆಗಿದ್ದವನಿಗೆ ಗೆರೆ 2.4. ನಡುವೆ 0.9 ಬಂತೆಂದು ಎದ್ದುಬಿದ್ದು ಸ್ಕ್ಯಾನಿಗೆ ಓಡುವ ಅಗತ್ಯವಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಟ್ಟರಾಯಿತು. ಹಾಗಂತ ಗೆರೆ ಮುಟ್ಟುವವರೆಗೂ ಡಾಕ್ಟರು ಕಣ್ಣು ಮುಚ್ಚಿಕೊಂಡು ಕೂರುತ್ತಾರೆ ಎಂದೂ ಅಲ್ಲ. ಎಷ್ಟು ವೇಗದಲ್ಲಿ ಏರುತ್ತಿದೆ ಎಂಬುದನ್ನು ನೋಡುತ್ತಲೇ ಇರುತ್ತಾರೆ.

ನನಗೂ ಒಮ್ಮೆ ಏರಿತು. "ಇದು ಕುಣಿಯೋ ಕಾಲ, ಕುಣೀಲಿ ಬಿಡಿ" ಎಂದರು ನಮ್ಮ ಡಾಕ್ಟರು. ನಾನು ಹೂಂ ಅಂದೆ. ಆಮೇಲಿನ ದಿನಗಳಲ್ಲಿ ಮನೆಯವರು ಏನಾದರೂ ಕೇಳಿದರೆ ಎರಡನೇ ಸಲ ಕೇಳಿದ ಮೇಲೇ ನನ್ನ ಕಿವಿಗೆ ಬೀಳುತ್ತಿತ್ತು. ಗೆರೆ ಎಲ್ಲಿದೆ ಎಂದು ಗೊತ್ತಿರುವುದು ತಲೆಗೆ ಸಮಾಧಾನ ಕೊಡುತ್ತದೆ, ಹೊಟ್ಟೆಗೆ ಕೊಡುವುದಿಲ್ಲ. ಕೆಲಸಕ್ಕೆ ಬಂದ ಸಲಹೆ ಎಂದರೆ ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವುದು. ಲ್ಯಾಬಿನಿಂದ ಲ್ಯಾಬಿಗೆ ವಿಧಾನ ಬದಲಾಗುತ್ತದೆ, ದಶಮಾಂಶ ಬಿಂದುವಿನ ಆಚೆಗಿನ ಅಂಕಿಯೂ ಬದಲಾಗುತ್ತದೆ. ಮೂತ್ರದ ಸೋಂಕು ಇದ್ದಾಗ ಪರೀಕ್ಷೆ ಬೇಡ. ರಕ್ತ ಕೊಡುವ ಒಂದೆರಡು ದಿನ ಮುಂಚೆ ಸೈಕಲ್ ಸವಾರಿಯೂ ಬೇಡ, ಸಂಗವೂ ಬೇಡ.

ನಂಬರಿನ ಬಗ್ಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ ನಂಬರು ನೋಡಿಕೊಳ್ಳಲು ಡಾಕ್ಟರಿದ್ದಾರೆ, ಕಂಪ್ಯೂಟರಿದೆ. ಅದರಲ್ಲಿ ಕಾಣದ್ದನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಮೂತ್ರ, ಮಲ, ಹಾಸಿಗೆ: ನಮ್ಮ ವಯಸ್ಸಿನ ಗಂಡಸರು ಹೆಂಡತಿಯ ಹತ್ತಿರವೂ ಆಡದ ಮೂರು ಮಾತು. ಚೆಕಪ್ಪಿಗೆ ಹೋದವನು ರಿಪೋರ್ಟು ಮುಂದಿಟ್ಟು, "ಎಲ್ಲಾ ಚೆನ್ನಾಗಿದೆ ಸಾರ್" ಎಂದು ಕೈಮುಗಿದು ಎದ್ದು ಬಂದರೆ ಆ ಚೆಕಪ್ಪಿನ ಮುಕ್ಕಾಲು ಭಾಗ ಆಗಲೇ ಇಲ್ಲ ಎಂದೇ ನನ್ನ ಲೆಕ್ಕ.

ಮೊದಲು ಇಂಜೆಕ್ಷನ್ನಿನ ವಿಚಾರ. ಕಾಯಿಲೆ ಸ್ವಲ್ಪ ಜೋರಾಗಿದ್ದವರಿಗೆ ವಿಕಿರಣದ ಜೊತೆ ಗಂಡು ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ನನ್ನೂ ಕೊಡುತ್ತಾರೆ. ಕೆಲವರಿಗೆ ನಾಲ್ಕಾರು ತಿಂಗಳು, ಕೆಲವರಿಗೆ ಎರಡು ಮೂರು ವರ್ಷ. ಟೆಸ್ಟೋಸ್ಟೆರಾನ್ ಕಡಿದರೆ ಈ ಕ್ಯಾನ್ಸರ್ ಬಾಡುತ್ತದೆ ಎಂದು 1941ರಲ್ಲೇ ತೋರಿಸಿದವರು ಷಿಕಾಗೋದ ಚಾರ್ಲ್ಸ್ ಹಗಿನ್ಸ್. ಅದಕ್ಕೆ 1966ರಲ್ಲಿ ನೊಬೆಲ್ ಸಿಕ್ಕಿತು. ಅವರ ಕಾಲದಲ್ಲಿ ಇಂಜೆಕ್ಷನ್ ಇರಲಿಲ್ಲ, ವೃಷಣವನ್ನೇ ತೆಗೆಯುತ್ತಿದ್ದರು. ಇಂಜೆಕ್ಷನ್ನಿಗೆ ದುಡ್ಡು ಹೊಂದಿಸಲಾಗದವರು, ಪದೇಪದೇ ಊರಿಂದ ಬರಲಾಗದವರು ಇವತ್ತಿಗೂ ಅದನ್ನೇ ಆರಿಸಿಕೊಳ್ಳುತ್ತಾರೆ. ಕಾಯುವ ಬೆಂಚಿನ ಮೇಲೆ ಸಿಕ್ಕಿದ ಕೊಪ್ಪಳ ಕಡೆಯ ಹಿರಿಯರೊಬ್ಬರು ಹಾಗೆ ಮಾಡಿಸಿಕೊಂಡಿದ್ದರು. "ಅದನ್ನಿಟ್ಕೊಂಡು ಈಗ ನಾ ಏನ್ ಮಾಡೋದೈತ್ರೀ" ಎಂದು ನಕ್ಕರು. ಪಕ್ಕದಲ್ಲಿದ್ದ ಅವರ ಹೆಂಡತಿ ನಗಲಿಲ್ಲ.

ಇಂಜೆಕ್ಷನ್ ಶುರುವಾದ ಕೆಲವು ವಾರಕ್ಕೆ ಮೈಗೆ ಬೆಂಕಿ ಬೀಳತೊಡಗಿತು. ಎದೆಯಿಂದ ಹೊರಟು ಕುತ್ತಿಗೆ, ಕಿವಿ, ನೆತ್ತಿ. ಮಾರ್ಗಶಿರದ ಚಳಿಯಲ್ಲಿ ಫ್ಯಾನು ಐದರಲ್ಲಿ. ಮನೆಯಾಕೆ ಎರಡು ದಿನ ನೋಡಿ, ಮೂರನೆಯ ದಿನ ಏನೂ ಹೇಳದೆ ತನ್ನ ಬೀರುವಿನಿಂದ ತೆಳುವಾದ ಹತ್ತಿಯ ಹೊದಿಕೆಯೊಂದನ್ನು ತೆಗೆದುಕೊಟ್ಟಳು. ಅವಳ ಮುಟ್ಟು ನಿಲ್ಲುವ ಕಾಲದ ಹೊದಿಕೆ. ಆಗ ನಾನು ಪಕ್ಕದ ಕೋಣೆಗೆ ಹೋಗಿ ಮಲಗುತ್ತಿದ್ದೆನಂತೆ, ಫ್ಯಾನಿನ ಗಾಳಿಗೆ ಶೀತವಾಗುತ್ತದೆ ಎಂದು. ಅದನ್ನು ಆಕೆ ನೆನಪಿಸಿದ್ದು ಈಗ ಮಾತ್ರ, ಅದೂ ಬಹಳ ಸಂತೋಷದಿಂದ.

ಬೆಂಕಿಗೆ ಮಾತ್ರೆಗಳಿವೆ, ಕೇಳಿದರೆ ಕೊಡುತ್ತಾರೆ. ಅದಕ್ಕಿಂತ ಗಮನ ಕೊಡಬೇಕಾದ್ದು ಸದ್ದಿಲ್ಲದೆ ಆಗುವ ಬದಲಾವಣೆಗಳಿಗೆ. ಸ್ನಾಯು ಕರಗಿ ಹೊಟ್ಟೆ ಬೆಳೆಯುತ್ತದೆ. ಸಕ್ಕರೆ ಏರುತ್ತದೆ, ಕೊಲೆಸ್ಟ್ರಾಲ್ ಏರುತ್ತದೆ. ಮೂಳೆ ತೆಳುವಾಗುತ್ತದೆ, ಅದಕ್ಕೇ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ, ಕ್ಯಾಲ್ಸಿಯಂ. ಮನಸ್ಸು ತೆಳುವಾಗುವುದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಧಾರಾವಾಹಿಯಲ್ಲಿ ಯಾರದೋ ಮಗಳನ್ನು ಗಂಡನ ಮನೆಗೆ ಕಳಿಸುವಾಗ ನನ್ನ ಕಣ್ಣಲ್ಲಿ ನೀರು. ಇದು ನನ್ನ ದೌರ್ಬಲ್ಯವಲ್ಲ, ಔಷಧದ ಕೆಲಸ ಎಂದು ಅರಿತ ಮೇಲೆ ಅಳು ನಿಲ್ಲಲಿಲ್ಲ, ಅಳುವುದಕ್ಕೆ ನಾಚಿಕೆಯಾಗುವುದು ನಿಂತಿತು. ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕುವುದರ ಜೊತೆಗೆ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿ ಎಂದರು ಫಿಸಿಯೋಥೆರಪಿಯವರು. ಬರೀ ನಡಿಗೆಯಿಂದ ಸ್ನಾಯು ಉಳಿಯುವುದಿಲ್ಲ. ಈ ವಯಸ್ಸಿನಲ್ಲಿ ಡಂಬೆಲ್ ಹಿಡಿದ ನನ್ನನ್ನು ಮೊಮ್ಮಗ ವಿಡಿಯೋ ಮಾಡಿಕೊಂಡಿದ್ದಾನೆ, ಅದು ಎಲ್ಲೆಲ್ಲಿ ಸುತ್ತುತ್ತಿದೆಯೋ.

ಮೊಮ್ಮಗ ಅಂದಾಗ ನೆನಪಾಯಿತು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಮೈಯಿಂದ ರೇಡಿಯೇಷನ್ ಬರುತ್ತೆ ಎಂದು ಹೇಳಿದ ಬಂಧುಗಳಿದ್ದಾರೆ. ಹೊರಗಿನ ಯಂತ್ರದಿಂದ ಕೊಟ್ಟ ವಿಕಿರಣ ಯಂತ್ರ ಆಫ್ ಆದ ಕ್ಷಣಕ್ಕೆ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಗ್ರಂಥಿಯೊಳಗೆ ಶಾಶ್ವತವಾಗಿ ಕಾಳು ಇಡಿಸಿಕೊಂಡವರಿಗೆ ಮಾತ್ರ ಕೆಲವು ತಿಂಗಳು ಗರ್ಭಿಣಿಯರು, ಪುಟ್ಟ ಮಕ್ಕಳಿಂದ ಸ್ವಲ್ಪ ದೂರವಿರಲು ಹೇಳುತ್ತಾರೆ. ಅದೇ ಬಂಧುಗಳು ಲಕ್ಷ್ಮಣಫಲವನ್ನೂ ತಂದುಕೊಟ್ಟಿದ್ದರು. ಹಣ್ಣನ್ನು ಹಣ್ಣಾಗಿ ತಿಂದೆವು. ಅದರ ಎಲೆಯ ಕಷಾಯ, ಪುಡಿ, ಕ್ಯಾಪ್ಸೂಲ್ ಎಂದು ಶುರುಮಾಡುವವರು ಡಾಕ್ಟರಿಗೆ ತಿಳಿಸಿ ಶುರುಮಾಡಲಿ. ಇದರಿಂದ ಮನುಷ್ಯರ ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನಲು ಆಧಾರವಿಲ್ಲ.

ಇನ್ನು ಮೂತ್ರ. ಚಿಕಿತ್ಸೆಯ ಕೊನೆಯ ವಾರಗಳಲ್ಲಿ ಮತ್ತು ಅದಾದ ಹದಿನೈದು ದಿನ ಉರಿ, ಅವಸರ, ರಾತ್ರಿಯಿಡೀ ಎದ್ದೆದ್ದು ಓಡುವುದು. ಇದು ಎಲ್ಲರಿಗೂ ಗೊತ್ತಿರುವುದೇ, ಎರಡು ಮೂರು ತಿಂಗಳಲ್ಲಿ ಬಹುಪಾಲು ತಗ್ಗುತ್ತದೆ. ಅವಸರ ಮಾತ್ರ ಕೆಲವರಲ್ಲಿ ಪೂರ್ತಿ ಬಿಟ್ಟುಹೋಗುವುದಿಲ್ಲ. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವನಿಗೆ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್ ಎಲ್ಲವೂ ಊರಿನ ಹೆಸರಾಗಿ ಉಳಿಯುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ನಿಮಿಷ ಎಂಬ ಲೆಕ್ಕವಾಗುತ್ತವೆ. ಡ್ರೈವರ್ ಬಳಿ ಹೋಗಿ ಕಿವಿಯಲ್ಲಿ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಇಡೀ ಬಸ್ಸು ಕಿಟಕಿಯಿಂದ ನೋಡುತ್ತಿರುವಾಗ ಮೂತ್ರ ಬರುವುದಿಲ್ಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಮಾರ್ಗ ಶುರುವಾದಾಗ ಹಾಸನದವರೆಲ್ಲ ಸಮಯ ಉಳಿಯಿತೆಂದು ಸಂಭ್ರಮಿಸಿದ್ದರು. ನನಗೆ ಈಗ ಆ ರೈಲಿನ ಮೇಲೆ ಅಭಿಮಾನ ಇರುವುದಕ್ಕೆ ಕಾರಣ, ಬೋಗಿಯ ಎರಡೂ ತುದಿಯಲ್ಲಿ ಶೌಚಾಲಯ ಇರುವುದು.

ನೀರು ಕುಡಿಯುವುದನ್ನೇ ಬಿಟ್ಟರೆ ಅವಸರ ಕಡಿಮೆಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಉಲ್ಟಾ. ಮೂತ್ರ ಗಾಢವಾದಷ್ಟೂ ಚೀಲ ಕೆರಳುತ್ತದೆ. ಹಗಲು ಚೆನ್ನಾಗಿ ಕುಡಿದು, ಸಂಜೆಯ ಮೇಲೆ ಕಡಿಮೆ ಮಾಡಬೇಕು. ಕಾಫಿ, ಟೀ ಮಿತಿಯಲ್ಲಿರಬೇಕು. ದಿನಕ್ಕೆ ಒಂದು ಲೋಟ ಫಿಲ್ಟರ್ ಕಾಫಿಗೆ ಇಳಿಯುವುದು ನನ್ನ ಪಾಲಿಗೆ ಇಡೀ ಚಿಕಿತ್ಸೆಯ ಅತಿ ಕಠಿಣ ಭಾಗ, ತಮಾಷೆಗೆ ಹೇಳುತ್ತಿಲ್ಲ. ಜೊತೆಗೆ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ. ಬಸ್‌ಸ್ಟಾಪಿನಲ್ಲಿ ನಿಂತೇ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ವರ್ಷಗಳ ನಂತರ ಧಾರೆ ಸಣ್ಣಗಾಗುತ್ತಾ ಬಂದರೆ ಮೂತ್ರನಾಳ ಕಿರಿದಾಗಿರಬಹುದು. ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಕಂಡರೂ, ಹೇಳಲೇಬೇಕು. ಬಹಳ ಸಲ ಅದು ವಿಕಿರಣದಿಂದ ಒಳಪದರ ನಾಜೂಕಾಗಿದ್ದರಿಂದ ಬಂದದ್ದು. ಆದರೆ ಕಾಲಾಂತರದಲ್ಲಿ ಮೂತ್ರಚೀಲದಲ್ಲಿ ಬೇರೆ ಕ್ಯಾನ್ಸರ್ ಆಗುವ ಸಾಧ್ಯತೆ ಸಣ್ಣದಾದರೂ ಇದ್ದೇ ಇದೆ, ಹಾಗಾಗಿ ಒಳಗೆ ದುರ್ಬೀನು ಹಾಕಿ ನೋಡುತ್ತಾರೆ.

ಮಲದ ವಿಚಾರಕ್ಕೆ ಬರುತ್ತೇನೆ. ಈ ಬರಹ ಶುರುಮಾಡಿದ್ದೇ ಇದಕ್ಕಾಗಿ.

ಪ್ರಾಸ್ಟೇಟ್ ಕೂತಿರುವುದು ಗುದನಾಳದ ಮುಂಗೋಡೆಗೆ ಅಂಟಿಕೊಂಡಂತೆ. ಯಂತ್ರ ಎಷ್ಟೇ ನಿಖರವಾಗಿರಲಿ, ಆ ಗೋಡೆಗೂ ಒಂದಿಷ್ಟು ವಿಕಿರಣ ತಾಗುತ್ತದೆ. ಅದರ ಫಲ ಕೂಡಲೇ ಕಾಣಿಸುವುದಿಲ್ಲ. ಆರು ತಿಂಗಳು, ವರ್ಷ, ಎರಡು ಮೂರು ವರ್ಷ ಕಳೆದ ಮೇಲೆ, ಎಲ್ಲ ಮರೆತಿರುವಾಗ, ಒಂದು ಬೆಳಿಗ್ಗೆ ಕೆಂಪಗೆ ರಕ್ತ. ವಿಕಿರಣ ಬಿದ್ದ ಜಾಗದಲ್ಲಿ ಹೊಸದಾಗಿ ಹುಟ್ಟಿದ ರಕ್ತನಾಳಗಳು ಜಾಳುಜಾಳಾಗಿರುತ್ತವೆ, ಮಲ ಗಟ್ಟಿಯಾದರೆ ಸಾಕು, ಒಸರುತ್ತವೆ. ನಮ್ಮೂರುಗಳಲ್ಲಿ ಮಲದಲ್ಲಿ ರಕ್ತ ಎಂದರೆ ಒಂದೇ ರೋಗ, ಮೂಲವ್ಯಾಧಿ. ಕರೆಂಟ್ ಕಂಬಕ್ಕೊಂದು ಬೋರ್ಡಿದೆ, ಗ್ಯಾರಂಟಿ ಚಿಕಿತ್ಸೆ, ಆಪರೇಷನ್ ಇಲ್ಲ. ಅಲ್ಲಿಗೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು, ಸುಡಿಸಿಕೊಂಡು ಬರುವವರಿದ್ದಾರೆ. ವಿಕಿರಣ ಬಿದ್ದ ಗೋಡೆಯಲ್ಲಿ ಮಾಡಿದ ಗಾಯ ಸುಲಭಕ್ಕೆ ಮಾಯುವುದಿಲ್ಲ. ಹುಣ್ಣಾಗಿ ಕೂರಬಹುದು, ಕೆಟ್ಟದಾದರೆ ಮೂತ್ರಮಾರ್ಗಕ್ಕೂ ಗುದನಾಳಕ್ಕೂ ನಡುವೆ ತೂತೇ ಬೀಳಬಹುದು.

ಓದಿದ ಡಾಕ್ಟರ ಕೈಯಲ್ಲೂ ಇದು ಆಗಬಹುದು ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ರಕ್ತ ಬಂತೆಂದು ಹೊಟ್ಟೆ ಡಾಕ್ಟರ ಬಳಿ ಹೋಗುತ್ತೀರಿ, ಅವರು ಕೊಲೊನೋಸ್ಕೋಪಿ ಮಾಡುತ್ತಾರೆ. ಸರಿಯೇ, ಬೇರೇನೂ ಇಲ್ಲವೆಂದು ನೋಡಲೇಬೇಕು. ಆ ಮುಂಗೋಡೆ ಕೆಂಪಾಗಿ ಕಾಣುತ್ತದೆ. ನಿಮಗೆ ರೇಡಿಯೇಷನ್ ಆಗಿದ್ದು ಅವರಿಗೆ ಗೊತ್ತಿಲ್ಲದಿದ್ದರೆ ಅನುಮಾನದಿಂದ ಒಂದು ಚೂರು ಬಯಾಪ್ಸಿಗೆ ತೆಗೆಯಬಹುದು. ಬೇರೆ ಯಾರಿಗೇ ಆದರೂ ಅದು ಸರಿಯಾದ ಕೆಲಸ, ನಮಗೆ ಮಾತ್ರ ಅಪಾಯದ್ದು. ತೀರಾ ಬೇಕೇಬೇಕು ಎನಿಸದ ಹೊರತು ಆ ಜಾಗವನ್ನು ಚಿವುಟಬಾರದು. ಆದ್ದರಿಂದ ಮೊದಲ ಮಾತೇ "ನನಗೆ ಪ್ರಾಸ್ಟೇಟಿಗೆ ರೇಡಿಯೇಷನ್ ಆಗಿದೆ" ಎಂದಿರಬೇಕು. ಸ್ಕೋಪಿ ಟೇಬಲ್ಲಿನ ಮೇಲೆ ಮಲಗಿದ ಮೇಲೂ ಇನ್ನೊಮ್ಮೆ ಹೇಳಬೇಕು. ಸಂಕೋಚ ಬೇಡ.

ನನಗೆ ಬಂದದ್ದು ಸಣ್ಣ ಪ್ರಮಾಣದ್ದು. ಮುಂದಿನ ಚೆಕಪ್ಪಿನವರೆಗೆ ಕಾಯದೆ ಫೋನು ಮಾಡಿದೆ, ಏಕೆಂದರೆ ಚಿಕಿತ್ಸೆ ಮುಗಿದ ದಿನ ಅಲ್ಲಿನ ಸಿಸ್ಟರ್ ಒಬ್ಬರು, ಕೇರಳದ ಹುಡುಗಿ, ತನ್ನ ಅರೆಬರೆ ಕನ್ನಡದಲ್ಲಿ "ಅಂಕಲ್, ಬ್ಲಡ್ ಬಂದ್ರೆ ನಾಚ್ಕೆ ಮಾಡ್ಬೇಡಿ, ಫೋನ್ ಮಾಡಿ" ಎಂದು ಎರಡು ಸಲ ಹೇಳಿದ್ದಳು. ಇಡೀ ಆಸ್ಪತ್ರೆಯಲ್ಲಿ ಆ ಮಾತು ಹೇಳಿದ್ದು ಅವಳೊಬ್ಬಳೇ. ಮಲಬದ್ಧತೆ ಆಗದಂತೆ ನೋಡಿಕೊಂಡು ಸ್ವಲ್ಪ ಕಾಲ ಕಾದದ್ದಕ್ಕೆ ನಿಂತಿತು. ನಿಲ್ಲದವರಿಗೆ ಗುದದ್ವಾರದಿಂದ ಒಳಗೆ ಬಿಡುವ ಸುಕ್ರಾಲ್ಫೇಟ್ ಎಂಬ ಔಷಧದ ಎನಿಮಾ ಇದೆ, ಆರ್ಗಾನ್ ಅನಿಲದ ಮೂಲಕ ಆ ನಾಳಗಳನ್ನು ಮೇಲುಮೇಲಷ್ಟೇ ಸುಡುವ ವಿಧಾನವಿದೆ. ಅನುಭವಸ್ಥರ ಕೈಯಲ್ಲಿ ಅದು ಕಂಬದ ಬೋರ್ಡಿನವನ ಸುಡುವಿಕೆಯಂಥದಲ್ಲ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ರಕ್ತ ಹೆಚ್ಚು ಬರುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಹಾಸಿಗೆಯ ಬಗ್ಗೆ ಸಂಕ್ಷೇಪವಾಗಿ. ಆಪರೇಷನ್ ಆದವರಲ್ಲಿ ಶಕ್ತಿ ಒಮ್ಮೆಲೇ ಹೋಗಿ, ನಂತರ ಒಂದಿಷ್ಟು ಮರಳಬಹುದು. ನಮ್ಮಲ್ಲಿ ತಿರುಗುಮುರುಗು. ಮೊದಲು ಪರವಾಗಿಲ್ಲ ಎನಿಸಿ, ವರ್ಷಗಳು ಕಳೆದಂತೆ ತಗ್ಗುತ್ತದೆ. ಇಂಜೆಕ್ಷನ್ ತೆಗೆದುಕೊಂಡವರಿಗೆ ಆಸೆಯೇ ಇರುವುದಿಲ್ಲ. ಅದು ನಿಂತ ಮೇಲೂ ಟೆಸ್ಟೋಸ್ಟೆರಾನ್ ಮರಳಲು ತಿಂಗಳುಗಳು ಬೇಕು, ವಯಸ್ಸಾದವರಲ್ಲಿ ಪೂರ್ತಿ ಮರಳದೆಯೂ ಇರಬಹುದು. ಹಾರ್ಮೋನು ಮರಳುವಾಗ ಪಿಎಸ್‌ಎ ತುಸು ಏರುತ್ತದೆ, ಅದಕ್ಕೂ ಗಾಬರಿ ಬೇಡ. ಶಕ್ತಿ ತಗ್ಗಿದ್ದಕ್ಕೆ ಕೊಡುವ ಮಾತ್ರೆಗಳಿಂದ ಅನೇಕರಿಗೆ ಉಪಯೋಗವಾಗುತ್ತದೆ. ಡಾಕ್ಟರನ್ನು ಕೇಳಲು ನಾಚಿ ಮೆಡಿಕಲ್ ಶಾಪಿನ ಹುಡುಗನನ್ನು ಕೇಳುವವರೇ ಹೆಚ್ಚು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನೂ ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಹುಡುಗ ಅದನ್ನೆಲ್ಲ ಕೇಳುವುದಿಲ್ಲ. ನಾನು ಈ ಮಾತೆತ್ತಿದಾಗ ನಮ್ಮ ಡಾಕ್ಟರು ಪೆನ್ನು ಕೆಳಗಿಟ್ಟು, "ಮನೆಯವರನ್ನೂ ಒಳಗೆ ಕರೀರಿ" ಎಂದರು. ನಾಲ್ಕು ದಶಕದ ಸಂಸಾರದಲ್ಲಿ ನಾವಿಬ್ಬರೂ ಆ ವಿಷಯವನ್ನು ಮೂರನೆಯವರ ಎದುರು ಮಾತಾಡಿದ್ದು ಅದೇ ಮೊದಲು. ಆಕೆ ನನಗಿಂತ ಸಲೀಸಾಗಿ ಮಾತಾಡಿದಳು.

ಕೊನೆಗೆ ಕಡತದ ಮಾತು. ಮೊದಲ ಐದು ವರ್ಷ ಆರು ತಿಂಗಳಿಗೊಮ್ಮೆಯಾದರೂ ಪಿಎಸ್‌ಎ, ಆಮೇಲೆ ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಪದ್ಧತಿ. ಅಷ್ಟರಲ್ಲಿ ನಮಗೆ ಯಂತ್ರದ ಕೆಳಗೆ ಚಿಕಿತ್ಸೆ ಕೊಟ್ಟ ಡಾಕ್ಟರು ಬೇರೆಡೆ ಹೋಗಿರುತ್ತಾರೆ, ಆಸ್ಪತ್ರೆಯ ಸಾಫ್ಟ್‌ವೇರ್ ಬದಲಾಗಿರುತ್ತದೆ. ನಮಗೆ ಏನು ಮಾಡಿದ್ದಾರೆಂಬುದು ಕೊನೆಗೆ ನಮ್ಮ ಹತ್ತಿರವೇ ಇರಬೇಕು. ಎಷ್ಟು ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ), ಎಷ್ಟು ಕಂತು: ಈಗ ಬಹಳ ಕಡೆ 60 ಗ್ರೇಯನ್ನು 20 ಕಂತಿನಲ್ಲಿ ಕೊಡುತ್ತಾರೆ, ಹಿಂದೆ 37, 39 ಕಂತು ಇರುತ್ತಿತ್ತು, ಕೆಲವು ಕಡೆ ಐದೇ ಕಂತಿನ ಚಿಕಿತ್ಸೆಯೂ ಬಂದಿದೆ. ಯಾವ ತಿಂಗಳು ಶುರು, ಯಾವ ತಿಂಗಳು ಮುಗಿಯಿತು. ಸೊಂಟದ ಭಾಗದ ದುಗ್ಧಗ್ರಂಥಿಗಳಿಗೂ (ಲಿಂಫ್ ನೋಡ್) ಕೊಟ್ಟಿದ್ದಾರೋ ಇಲ್ಲವೋ. ಯಾವ ಇಂಜೆಕ್ಷನ್, ಕೊನೆಯದು ಯಾವಾಗ. ಪಿಎಸ್‌ಎ ಅತಿ ಕೆಳಗೆ ಇಳಿದದ್ದು ಎಷ್ಟಕ್ಕೆ. ಮಗಳು ಇದನ್ನೆಲ್ಲ ಒಂದೇ ಹಾಳೆಗೆ ಇಳಿಸಿ, ಮೇಲ್ಗಡೆ ದಪ್ಪಕ್ಷರದಲ್ಲಿ "ಗುದನಾಳದ ಮುಂಗೋಡೆಯ ಬಯಾಪ್ಸಿಗೆ ಮೊದಲು ನಮ್ಮ ರೇಡಿಯೇಷನ್ ಡಾಕ್ಟರನ್ನು ಕೇಳಿ" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಟೈಪ್ ಮಾಡಿ ಲ್ಯಾಮಿನೇಟ್ ಮಾಡಿಸಿದ್ದಾಳೆ. ಒಂದು ಪ್ರತಿ ನಮ್ಮ ಬೀದಿಯ ಡಾಕ್ಟರಿಗೂ ಕೊಟ್ಟೆ. ಓದಿ, ಕನ್ನಡಕ ತೆಗೆದು, ಈ ಬಯಾಪ್ಸಿ ಸಂಗತಿ ತಮಗೂ ಗೊತ್ತಿರಲಿಲ್ಲ ಎಂದರು. ಅವರ ಬಳಿ ಬರುವವರಲ್ಲಿ ರೇಡಿಯೇಷನ್ ಆದ ಇನ್ನೂ ಇಬ್ಬರು ಇದ್ದಾರಂತೆ, ಒಬ್ಬರಿಗೆ ಆರು ತಿಂಗಳಿಂದ ಮೂಲವ್ಯಾಧಿಯ ಮುಲಾಮು ನಡೆಯುತ್ತಿದೆ. ನನ್ನ ಎದುರೇ ಫೋನು ಹಚ್ಚಿ ಅವರನ್ನು ಸಂಜೆ ಬರಹೇಳಿದರು.